ಎಕೋ ಬೇಡ ಎಂದ ಆಂಟಿ

ಹಾಡುವ ಮೊದಲು ಆಂಟಿ ಕೈಯ ಬಂಗಾರದ ಬಳೆಗಳಿಗೆ ಕಪ್ಪು ಟೇಪು ಸುತ್ತುತ್ತಿದ್ದರು. ವಯರು ನೆಲಕ್ಕೆ ಅಂಟಿಸಲು ನಾವು ಮೈಕಿನವರು ಬಳಸುತ್ತೇವಲ್ಲ, ಅದೇ ಟೇಪು. ಬಳೆ ಒಂದಕ್ಕೊಂದು ತಾಗಿದರೆ ಆ ಸದ್ದು ಮೈಕಿಗೆ ಹೋಗುತ್ತದೆ. ತೆಗೆದಿಡೋಣವೆಂದರೆ ಬರುತ್ತಿರಲಿಲ್ಲ. ಮದುವೆಯಲ್ಲಿ ಹಾಕಿದ ಬಳೆ, ಆಮೇಲೆ ಕೈ ದಪ್ಪವಾಗಿತ್ತು. ಸೋಪು ಹಚ್ಚಿ ಎಳೆಯಿರಿ ಎಂದು ನಾನೊಮ್ಮೆ ಹೇಳಿದೆ.

"ಗಂಡ ಬಿಟ್ಟ್ ಹೋದ. ಬಳೆ ಹೋತಿಲ್ಲೆ ಅಂತತ್ತ್. ಎಂತ ಮಾಡುದ್ ಮಾರಾಯ," ಎಂದು ನಕ್ಕರು.

ಹಾಡು ಮುಗಿದ ಮೇಲೆ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಕೀಳುತ್ತಿದ್ದರು. ಕೈಯ ಮೇಲೆ ಅಂಟು ಉಳಿಯುತ್ತಿತ್ತು. ಅದನ್ನು ಉಜ್ಜುತ್ತಾ ಉಜ್ಜುತ್ತಾ ಜನರ ಹತ್ತಿರ ಮಾತಾಡುತ್ತಿದ್ದರು. ಅವರನ್ನು ನೆನೆದರೆ ನನಗೆ ಮುಖಕ್ಕಿಂತ ಮೊದಲು ಬರುವುದು ಆ ಕೈ.

ಆಂಟಿ ಹಾಡುತ್ತಿದ್ದದ್ದು ಬ್ಲೂಸ್. ಇಲ್ಲಿ ಅಮೆರಿಕದ ಬ್ಲ್ಯಾಕ್ ಜನ ಹೊಲದಲ್ಲಿ ದುಡಿಯುತ್ತಾ ಕಟ್ಟಿದ ಹಾಡಿನಿಂದ ಬಂದದ್ದು ಅದು ಎಂದು ಅವರೇ ನನಗೆ ಹೇಳಿದ್ದು. ಒಂದು ಸಾಲು ಹಾಡುವುದು, ಅದನ್ನೇ ಇನ್ನೊಮ್ಮೆ ಹಾಡುವುದು, ಮೂರನೇ ಸಾಲಿನಲ್ಲಿ ಅದಕ್ಕೊಂದು ಕೊನೆ ಮುಟ್ಟಿಸುವುದು. ಸಾಲು ಸಾಲಿನ ನಡುವೆ ಖಾಲಿ ಜಾಗ. ಗಂಗೊಳ್ಳಿಯ ಕ್ರಿಶ್ಚಿಯನ್ ಹೆಂಗಸು ನ್ಯೂಜೆರ್ಸಿಯ ಬಾರುಗಳಲ್ಲಿ ಇದನ್ನು ಹಾಡುತ್ತಾ, ತಾನೇ ಹಾಡು ಕಟ್ಟುತ್ತಾ ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದರು. ನಮ್ಮ ಕನ್ನಡದವರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿದ್ದ ಕೆಲವರು, ಬಾರಿನಲ್ಲಿ ಹಾಡುವವಳಂತೆ ಎಂದು ದನಿ ಇಳಿಸಿ ಹೇಳುತ್ತಿದ್ದರು.

ನಾನು ಕುಂದಾಪುರ ಕಡೆಯವನು. ಅಪ್ಪ ಇಲ್ಲಿ ಹೋಟೆಲಿನಲ್ಲಿ ಅಡುಗೆಯವರು. ನನ್ನನ್ನು ಕರೆಸಿಕೊಂಡಾಗ ನನಗೆ ಒಂಬತ್ತನೇ ಕ್ಲಾಸು ಆಗಿತ್ತು. ಇಲ್ಲಿನ ಹೈಸ್ಕೂಲು ತಲೆಗೆ ಹೋಗಲಿಲ್ಲ, ಬಿಟ್ಟೆ. ಊರಲ್ಲಿ ರಜೆ ಬಂದರೆ ಮಾವನ ಮೈಕ್ ಸೆಟ್ಟಿನ ಜೊತೆ ಮದುವೆ, ಯಕ್ಷಗಾನದ ಆಟ ಎಂದು ತಿರುಗುತ್ತಿದ್ದೆ. ಅದೊಂದು ಬರುತ್ತಿತ್ತು. ಹಳೇ ಸ್ಪೀಕರು ಕೊಂಡು ಇಲ್ಲಿಯೂ ಅದನ್ನೇ ಹಿಡಿದೆ. ಮದುವೆ, ನಾಮಕರಣ, ಸಂಘದ ಹಬ್ಬ, ಎಲ್ಲ ಕಡೆ ನನ್ನ ವ್ಯಾನು ಹೋಗುತ್ತದೆ.

ಆಂಟಿ ಸಿಕ್ಕಿದ್ದು ಮನ್ರೋ ಎನ್ನುವ ಊರಿನಲ್ಲಿ ಒಂದು ಮದುವೆ ರಿಸೆಪ್ಷನ್ನಿನಲ್ಲಿ. ಮಂಗಳೂರು ಕಡೆಯ ಕ್ರಿಶ್ಚಿಯನ್ ಕುಟುಂಬ. ಊಟಕ್ಕೆ ಮೊದಲು ಯಾರೋ ಅವರನ್ನು ಹಾಡಲು ಎಬ್ಬಿಸಿದರು. ಬಂದವರೇ ನನ್ನ ಹತ್ತಿರ ಟೇಪು ಕೇಳಿ ಬಳೆಗೆ ಸುತ್ತಿಕೊಂಡರು. ಇದೆಂತ ಹುಚ್ಚು ಎಂದುಕೊಂಡೆ.

ನಮ್ಮವರ ಫಂಕ್ಷನ್ನಿನಲ್ಲಿ ಯಾರು ಮೈಕು ಹಿಡಿದರೂ ಎಕೋ ಹಾಕುವುದು ರೂಢಿ. ಸ್ವರ ಬಾವಿಯೊಳಗಿಂದ ಬಂದ ಹಾಗೆ ಎರಡೆರಡು ಸಲ ಕೇಳಬೇಕು. ಸ್ವಾಗತ ಭಾಷಣಕ್ಕೂ ಹಾಕುತ್ತೇವೆ, ಬಿಳಿ ಕಾರೊಂದು ದಾರಿಗೆ ಅಡ್ಡ ನಿಂತಿದೆ, ತೆಗೆಯಿರಿ ಎನ್ನುವುದಕ್ಕೂ ಹಾಕುತ್ತೇವೆ. ಹಾಕದಿದ್ದರೆ ಮೈಕು ಸರಿ ಇಲ್ಲ ಎನ್ನುತ್ತಾರೆ. ಮಾವ ನನಗೆ ಕಲಿಸಿದ ಮೊದಲ ಪಾಠವೇ ಅದು. ಆಂಟಿಗೂ ಧಾರಾಳವಾಗಿ ಹಾಕಿದೆ.

ಅರ್ಧ ಸಾಲಿಗೆ ಹಾಡು ನಿಂತಿತು.

"ಹ್ವಾಯ್ ಮೈಕಿನೋರೇ, ಎಕೋ ತೆಗೀರಿ."

ಹಾಕಿದರೆ ಸ್ವರ ಚಂದ ಕೇಳುತ್ತದೆ ಆಂಟಿ ಎಂದೆ.

"ಯಾರ್ದ್ ಚಂದ ಕೇಣತ್ತ್? ನಂದಾ, ನಿಮ್ ಮಿಶಿನಿದ್ದಾ?"

ಕೂತವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಗುಂಡಿ ತಿರುಗಿಸಿ ಎಕೋ ಪೂರಾ ಬಂದ್ ಮಾಡಿದೆ. ಈಗ ಮಾನ ಹೋಗುತ್ತದೆ ನೋಡಿ ಎಂದುಕೊಂಡೆ. ಹೋಗಲಿಲ್ಲ. ಒಣ ಸ್ವರ, ಸ್ವಲ್ಪ ಒರಟು, ತೆಂಗಿನಕಾಯಿ ತುರಿದ ಹಾಗೆ. ಅದು ಸೀದಾ ಬಂದು ಎದೆಗೆ ತಾಗಿತು. ಇಂಗ್ಲಿಷು ನನಗೆ ಅರ್ಧ ತಿಳಿಯಲಿಲ್ಲ. ಮನೆ ಮಾಲೀಕ ಹೀಟರು ರಿಪೇರಿ ಮಾಡಿಸಿಲ್ಲ ಎನ್ನುವ ಹಾಡು ಎಂದು ಆಮೇಲೆ ಗೊತ್ತಾಯಿತು.

ಊಟದ ಹೊತ್ತಿಗೆ ತಟ್ಟೆಯಲ್ಲಿ ಇಡ್ಲಿಯಂಥ ಸನ್ನ ಹಾಕಿಕೊಂಡು ಸೀದಾ ನನ್ನ ಸೌಂಡ್ ಮಿಕ್ಸರಿನ ಹತ್ತಿರ ಬಂದರು. ನನ್ನ ಮಾತಿನಲ್ಲೇ ಊರು ಹಿಡಿದುಬಿಟ್ಟಿದ್ದರು. ಕುಂದಾಪುರದಲ್ಲಿ ಎಲ್ಲಿ, ಯಾರ ಮನೆ, ಮೀನು ಎಲ್ಲಿ ಸಿಗುತ್ತದೆ, ಎಲ್ಲ ಕೇಳಿಯಾದ ಮೇಲೆ ಎಕೋ ವಿಷಯಕ್ಕೆ ಬಂದರು.

"ನಾನ್ ಒಂದ್ ಸಾಲ್ ಹೇಳಿ ಬಿಡ್ತೆ. ಆ ಬಿಟ್ಟ ಜಾಗ ಇತ್ತಲೆ ಮಗಾ, ಅದ್ ಜನಕ್ಕೆ. ಅವ್ರ್ ಎಂತಾರೂ ಹೇಳ್ಕ್. ನಿನ್ ಎಕೋ ಬಂದ್ ಅಲ್ಲಿ ಕೂಕಂಡ್ರೆ ಜನ ಎಲ್ಲ್ ಕೂಕಣ್ಕ್?"

ಸನ್ನ ಮುರಿಯುತ್ತಾ, "ನನ್ ಮಾತಿಗೆ ನಾನೇ ಜವಾಬ್ ಕೊಡುದಾರೆ ಮನೇಲೇ ಇಪ್ಪುಕಾಗ್ದಾ?" ಎಂದರು. ತಮ್ಮ ಮಾತಿಗೆ ತಾವೇ ಉತ್ತರ ಕೊಡುವುದಾದರೆ ಮನೆಯಲ್ಲೇ ಇರಬಹುದಲ್ಲ ಎಂದು.

ಆಂಟಿ ಮನೆಯಲ್ಲಿ ಒಬ್ಬರೇ ಇದ್ದರು.

ಅವರನ್ನು ಕಾರ್ಯಕ್ರಮಗಳಿಗೆ ಕರೆದೊಯ್ಯುತ್ತಿದ್ದ ಗಿಟಾರಿನವನು ಫ್ಲೋರಿಡಾಕ್ಕೆ ಹೋಗಿಬಿಟ್ಟಿದ್ದ. ಆಂಟಿಗೆ ಹೈವೇಯಲ್ಲಿ ಡ್ರೈವ್ ಮಾಡಲು ಹೆದರಿಕೆ. ನನ್ನ ವ್ಯಾನು ಬಿಡುವಿದ್ದಾಗ ನಾನೇ ಹೋಗುತ್ತಿದ್ದೆ. ದಾರಿಯುದ್ದ ಮಾತು. ಅವರ ಕತೆ ನನಗೆ ಸಿಕ್ಕಿದ್ದು ಹಾಗೆ, ಟ್ರಾಫಿಕ್ಕಿನಲ್ಲಿ, ತುಂಡು ತುಂಡಾಗಿ.

ಮದುವೆಯಾಗಿ ಬಂದದ್ದು ಎಲಿಜಬೆತ್ ಎನ್ನುವ ಊರಿಗೆ. ಗಂಡನಿಗೆ ಬಂದರಿನಲ್ಲಿ ಕೆಲಸ. ಅವನು ಇನ್ನೊಬ್ಬಳ ಜೊತೆ ಹೋದ ಮೇಲೆ ಆಂಟಿ ನ್ಯೂವಾರ್ಕಿನ ಒಂದು ನರ್ಸಿಂಗ್ ಹೋಮಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದರು. ಅಲ್ಲಿ ಹಾಸಿಗೆಯ ದೊಡ್ಡ ಬಟ್ಟೆ ಮಡಚಲು ಇಬ್ಬರು ಬೇಕು. ಇವರ ಎದುರು ತುದಿ ಹಿಡಿಯುತ್ತಿದ್ದವಳು ಒಬ್ಬಳು ಬ್ಲ್ಯಾಕ್ ಹೆಂಗಸು. ಅವಳು ಹಾಡಿಕೊಂಡೇ ಕೆಲಸ ಮಾಡುವವಳು. ಒಂದು ಸಾಲು ಹೇಳಿ ಬಟ್ಟೆ ಎಳೆದು ಇವರ ಮುಖ ನೋಡುತ್ತಿದ್ದಳಂತೆ. ಇವರಿಗೆ ಭಾಷೆ ಬಾರದು. ಆದರೆ ಅವಳು ಕಾಯುತ್ತಿದ್ದಾಳೆ ಎನ್ನುವುದು ತಿಳಿಯಿತು.

ಆಂಟಿಯ ತಾಯಿ ಊರಲ್ಲಿ ಬೇರೆಯವರ ಗದ್ದೆಗೆ ನಟ್ಟಿಗೆ, ಭತ್ತದ ಸಸಿ ನೆಡಲು, ಹೋಗುತ್ತಿದ್ದವರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ಕನ್ನಡ. ಅಲ್ಲಿ ಒಬ್ಬಳು ಹಾಡಿದರೆ ಸಾಲಿನಲ್ಲಿ ಬಗ್ಗಿದ ಉಳಿದವರು ಓ ಎನ್ನಬೇಕು. ಆಂಟಿಯೂ ಇಲ್ಲಿ ಬಟ್ಟೆಯ ಈ ತುದಿಯಿಂದ ಓ ಎಂದರು. ಆ ಹೆಂಗಸು ನಕ್ಕು ನಕ್ಕು ಬಟ್ಟೆ ಕೈಬಿಟ್ಟಳಂತೆ.

ಅವಳೇ ಇವರನ್ನು ತನ್ನ ಚರ್ಚಿಗೆ ಕರೆದೊಯ್ದಳು. ಆಮೇಲೆ ತನ್ನ ತಮ್ಮ ಡ್ರಮ್ ಬಾರಿಸುವ ಬಾರಿಗೆ. ಒಂದು ದಿನ ಅಲ್ಲಿ ಹಾಡುವವಳು ಬರಲಿಲ್ಲ, ಆಂಟಿ ಸ್ಟೇಜು ಹತ್ತಿದರು. ಅಲ್ಲಿಂದ ಇಳಿಯಲಿಲ್ಲ. ವಾರವೆಲ್ಲ ಬಟ್ಟೆ ಒಗೆದು ಶನಿವಾರ ಹಾಡು. ನ್ಯೂವಾರ್ಕ್, ಟ್ರೆಂಟನ್, ಆಸ್ಬರಿ ಪಾರ್ಕ್, ಫಿಲಡೆಲ್ಫಿಯಾ. ಹಾರ್ಲೆಮ್ಮಿನಲ್ಲೂ ಹಾಡಿದ್ದರು. ಪೋಸ್ಟರಿನಲ್ಲಿ ಹೆಸರಿಗಿಂತ ದೊಡ್ಡದಾಗಿ ಇಂಡಿಯನ್ ಲೇಡಿ ಎಂದು ಹಾಕುತ್ತಿದ್ದರಂತೆ. ಸರ್ಕಸ್ಸಿನ ಆನೆ ಬಂದ ಹಾಗೆ ಎಂದು ಬಯ್ಯುತ್ತಿದ್ದರು. ಒಂದು ಸಿಡಿ ಮಾಡಿಸಿದರು. ಮಾರಾಟವಾಗಲಿಲ್ಲ. ಆ ಡಬ್ಬಗಳನ್ನು ಪೇರಿಸಿ ಮೇಲೆ ಹಲಗೆ ಇಟ್ಟು ಟಿವಿ ಇಟ್ಟಿದ್ದರು. ನನಗೆ ತೋರಿಸಿ, ಕಲಾವಿದರಿಗೆ ಭದ್ರ ಅಡಿಪಾಯ ಬೇಕಲ್ಲ ಎಂದರು.

ಶನಿವಾರ ಎಷ್ಟು ಹೊತ್ತಾದರೂ ಭಾನುವಾರ ತಮ್ಮ ಚರ್ಚಿನ ಪೂಜೆಗೆ ತಪ್ಪುತ್ತಿರಲಿಲ್ಲ. ಚರ್ಚಿನ ಕೆಲವು ಹೆಂಗಸರು ಹತ್ತಿರ ಕೂರುತ್ತಿರಲಿಲ್ಲ. ಬೆಂಚು ಅಗಲವಾಯಿತು, ಒಳ್ಳೆಯದೇ ಎನ್ನುತ್ತಿದ್ದರು.

ಮೊದಲ ಸಲ ಅವರ ಬಾರಿನ ಹಾಡು ಕೇಳಲು ನಾನು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಬಟ್ಟೆ ಮಡಚುವವಳ ತಮ್ಮ, ಡ್ರಮ್ ಬಾರಿಸುವವನು, ಈಗ ಮುದುಕ. ನಾನು ಅವರನ್ನು ಡ್ರಮ್ಮಿನಜ್ಜ ಎನ್ನುತ್ತೇನೆ. ಆಂಟಿ ಒಂದು ಸಾಲು ಹಾಡಿ ನಿಲ್ಲಿಸಿದರು. ಹಿಂದಿನ ಟೇಬಲಿನಿಂದ ಒಬ್ಬ ದೊಡ್ಡ ಗಂಟಲಿನಲ್ಲಿ ಏನೋ ಕೂಗಿದ. ಇನ್ನೊಬ್ಬಳು ಎದ್ದು ಕೈ ಬೀಸಿ ಏನೋ ಹೇಳಿದಳು. ಗಲಾಟೆ ಶುರುವಾಯಿತು ಎಂದು ನಾನು ಸ್ಟೇಜಿನ ಪಕ್ಕಕ್ಕೆ ಹೋಗಿ ನಿಂತೆ. ಆಂಟಿಗೆ ಏನಾದರೂ ಆದರೆ ಎಂದು. ಹಾಡು ಮುಗಿದ ಮೇಲೆ ಡ್ರಮ್ಮಿನಜ್ಜ ನನ್ನನ್ನು ತೋರಿಸಿ, ಇದ್ಯಾರು ನಿಮ್ಮ ಬಾಡಿಗಾರ್ಡಾ ಎಂದು ಕೇಳಿದರು. ಜಗಳವಲ್ಲ ಅದು, ಹೌದು, ಹೇಳು, ಕೇಳುತ್ತಿದ್ದೇವೆ ಎನ್ನುವುದು.

ವಾಪಸ್ ಬರುವಾಗ ಆಂಟಿ, ನೀನೂ ಒಂದು ಮಾತು ಹೇಳಬಹುದಿತ್ತು ಎಂದರು.

"ನಾನ್ ಮೈಕಿನವ ಆಂಟಿ. ನಾವ್ ಮಾತಾಡುಕಿಲ್ಲೆ."

"ಮೈಕಿನವ್ರಿಗೆ ಬಾಯಿ ಇಲ್ಯಾ?"

ಹಾಗೆ ಕೂಗುವುದು ನನ್ನಿಂದಾಗದು.

ಹಾಡು ಕಟ್ಟುವುದನ್ನೂ ನೋಡಿದ್ದೇನೆ. ಮೀನು ಕೊಯ್ಯುತ್ತಾ ಒಂದು ದೂರು ಹೇಳುವರು. ಅದನ್ನೇ ಇನ್ನೊಂದು ಸಲ ನಿಧಾನಕ್ಕೆ ಹೇಳುವರು. ಎರಡನೇ ಸಲ ಹೇಳುವಾಗ ನಗು ಬಂದರೆ ಅಥವಾ ಗಂಟಲು ಕಟ್ಟಿದರೆ ಅದು ಹಾಡಾಗುತ್ತದೆ, ಏನೂ ಆಗದಿದ್ದರೆ ಅದು ಬರೀ ದೂರು ಎನ್ನುತ್ತಿದ್ದರು.

ಒಂದು ದಿನ ಹಾಗೆ ಬಂದದ್ದು ಕನ್ನಡದ ಸಾಲು. ಅಷ್ಟು ವರ್ಷದಲ್ಲಿ ಅವರು ಇಂಗ್ಲಿಷು ಬಿಟ್ಟು ಬೇರೆ ಭಾಷೆಯಲ್ಲಿ ಕಟ್ಟಿರಲಿಲ್ಲ. ಹಿಂದಿನ ದಿನ ಮನೆಯೆದುರಿನ ಸ್ನೋವನ್ನು ಸಲಿಕೆಯಲ್ಲಿ ಗೋರಿ ತೆಗೆದು ಕೈ ಸೆಟೆದಿತ್ತು. ಊರಲ್ಲಿ ತಾಯಿ ಸತ್ತಾಗ ಇವರ ವೀಸಾ ಪೇಪರು ಸರಿ ಇರಲಿಲ್ಲ. ಹೋದರೆ ವಾಪಸ್ ಬರಲಾಗದು ಎಂದು ಹೋಗಿರಲಿಲ್ಲ. ಅದನ್ನು ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಈ ಹಾಡಿನಲ್ಲಿ ಹೇಳಿದರು.

ನಟ್ಟಿ ನೆಟ್ಟ ಕೈಯಲ್ಲೇ ಸ್ನೋ ಗೋರ್ತೆ ಅಬ್ಬಿ
ನಟ್ಟಿ ನೆಟ್ಟ ಕೈಯಲ್ಲೇ ಸ್ನೋ ಗೋರ್ತೆ ಅಬ್ಬಿ
ಇಲ್ಲಿಂದ ಕೂಗ್ರೆ ನಿಂಗೆ ಕೇಣತ್ತಾ ಹೇಳ್ ಅಬ್ಬಿ

ಅಬ್ಬಿ ಅಂದರೆ ನಮ್ಮ ಕಡೆ ಅಮ್ಮ. ಕೇಣತ್ತಾ ಅಂದರೆ ಕೇಳಿಸುತ್ತದಾ.

ಅದೇ ಚಳಿಗಾಲ ಅವರ ಸ್ವರ ಒಡೆಯತೊಡಗಿತು. ನೆಗಡಿ ಎಂದುಕೊಂಡರು. ಹೋಗಲಿಲ್ಲ. ಡಾಕ್ಟರು ಗಂಟಲಿನೊಳಗೆ ಗಡ್ಡೆ ಇದೆ, ಆಪರೇಷನ್ ಮಾಡಬೇಕು ಎಂದರು. ಮಾಡಿದರೆ ಜೀವ ಸ್ವಲ್ಪ ಕಾಲ ಉಳಿಯಬಹುದು, ಸ್ವರ ಉಳಿಯುವುದಿಲ್ಲ.

ಆಸ್ಪತ್ರೆಯಿಂದ ವ್ಯಾನಿನಲ್ಲಿ ಬರುವಾಗ ಅವರು ಕೇಳಿದ್ದು ಒಂದೇ. ಬಾರಿನವರಿಗೆ ನನ್ನ ಹಾಡು ಗೊತ್ತು, ಈ ಮಾತು ತಿಳಿಯದು. ನಮ್ಮವರಿಗೆ ಮಾತು ತಿಳಿಯುತ್ತದೆ, ಹಾಡು ಕೇಳಿಯೇ ಇಲ್ಲ. ಮಾತು ತಿಳಿಯುವ ಜನರೆದುರು ಈ ಹಾಡನ್ನು ಒಂದೇ ಒಂದು ಸಲ ಹಾಡಬೇಕು. ಒಬ್ಬರಾದರೂ ಜವಾಬು ಕೊಡಬೇಕು. ಆಮೇಲೆ ಗಂಟಲನ್ನು ಡಾಕ್ಟರಿಗೆ ಕೊಡುತ್ತೇನೆ ಎಂದರು.

ಯುಗಾದಿ ಹತ್ತಿರ ಬಂದಿತ್ತು. ಪ್ಲೇನ್ಸ್‌ಬರೋದ ಹತ್ತಿರ ಒಂದು ಶಾಲೆಯ ಹಾಲಿನಲ್ಲಿ ಕನ್ನಡದವರ ಹಬ್ಬ. ಮೈಕು ನನ್ನದೇ. ನಾನು ಕನ್ನಡ ಸಂಘದ ಅಧ್ಯಕ್ಷರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಬ್ಲೂಸ್ ಎಂದರೆ ಅಳುವ ಹಾಡು ಎಂದು ಎಲ್ಲೋ ಓದಿಕೊಂಡಿದ್ದರು. ಆಂಟಿಗೆ ಅವರೇ ಫೋನು ಮಾಡಿದರು. ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ.

"ಆಂಟಿ, ಹಬ್ಬದ ದಿನ ಅಳೋ ಹಾಡು ಬೇಡ. ಒಂದು ಭಾವಗೀತೆ ಹಾಡ್ಬಿಡಿ, ಮ್ಯೂಸಿಕ್ ಟ್ರ್ಯಾಕ್ ನಮ್ಮ ಹತ್ರ ರೆಡಿ ಇದೆ."

"ಇದು ಅಳೋ ಹಾಡಲ್ಲ ಸರ್. ಅತ್ತು ಮುಗಿದ ಮೇಲೆ ಹಾಡೋದು."

ಅಧ್ಯಕ್ಷರು ಕಾರ್ಯಕ್ರಮದ ಪಟ್ಟಿ ತಿರುವಿ, ಮಕ್ಕಳ ಡಾನ್ಸ್ ಆದ ಮೇಲೆ, ಊಟಕ್ಕೆ ಮೊದಲು ಎಂದರು. ಅದು ಎಲ್ಲಕ್ಕಿಂತ ಕೆಟ್ಟ ಜಾಗ. ಮಕ್ಕಳ ಡಾನ್ಸ್ ಮುಗಿದರೆ ತಂದೆತಾಯಿ ಎದ್ದು ಹೋಗುತ್ತಾರೆ. ಬಿಸಿಬೇಳೆಬಾತಿನ ವಾಸನೆ ಬಂದರೆ ಉಳಿದವರೂ ಏಳುತ್ತಾರೆ.

ಹಾಗೆಯೇ ಆಯಿತು. ಆಂಟಿ ಕಪ್ಪು ಉಡುಪು, ಬಿಳಿ ಕ್ಯಾನ್ವಾಸ್ ಶೂ, ಟೇಪು ಸುತ್ತಿದ ಬಳೆ, ಇಷ್ಟೇ ತೊಟ್ಟು ಸ್ಟೇಜಿಗೆ ಬಂದಾಗ ಅರ್ಧ ಜನ ಬಾಗಿಲ ಕಡೆ ಮುಖ ಮಾಡಿದ್ದರು. ಗೆಜ್ಜೆ ಕಟ್ಟಿದ ಮಕ್ಕಳು ಕುರ್ಚಿಗಳ ನಡುವೆ ಓಡುತ್ತಿದ್ದವು. ಊರಿಂದ ಮಕ್ಕಳ ಮನೆಗೆ ಬಂದ ಅಜ್ಜ ಅಜ್ಜಿಯಂದಿರು ಮಾತ್ರ ಮುಂದಿನ ಸಾಲಿನಲ್ಲಿ ಸೀರೆ ಪಂಚೆಯ ಮೇಲೆ ಜಾಕೆಟ್ಟು ಹಾಕಿ ಅಲುಗಾಡದೆ ಕೂತಿದ್ದರು. ಅವರು ಕರೆದೊಯ್ಯುವವರು ಬರುವ ತನಕ ಏಳುವುದಿಲ್ಲ.

ಟ್ರ್ಯಾಕ್ ಇಲ್ಲ, ಡ್ರಮ್ ಇಲ್ಲ. ಡ್ರಮ್ಮಿನಜ್ಜನಿಗೆ ಆ ದಿನ ಡಯಾಲಿಸಿಸ್. ಆಂಟಿ ಹಿಮ್ಮಡಿಯಲ್ಲಿ ಹಲಗೆ ಕುಟ್ಟಿ ತಾಳ ಹಿಡಿದು ಮೊದಲ ಸಾಲು ಹಾಡಿದರು. ಸ್ವರ ನಡುವೆ ಒಡೆಯಿತು. ನಿಲ್ಲಿಸಿದರು. ಕಾದರು.

ಯಾರೂ ಏನೂ ಹೇಳಲಿಲ್ಲ. ನಮ್ಮವರು ಹಾಡುವಾಗ ಮಾತಾಡುವುದಿಲ್ಲ. ಅದು ಮರ್ಯಾದೆ. ಮುಗಿದ ಮೇಲೆ ಚಪ್ಪಾಳೆ ಹೊಡೆಯುತ್ತಾರೆ, ಅಷ್ಟೇ.

ಅಧ್ಯಕ್ಷರು ಓಡಿಕೊಂಡು ನನ್ನ ಹತ್ತಿರ ಬಂದರು. "ಎಕೋ ಹಾಕಪ್ಪ, ಸ್ವರ ಒಡೀತಿದೆ, ಪಾಪ," ಎಂದರು. ಕನಿಕರದಿಂದಲೇ ಹೇಳಿದ್ದು. ನನ್ನ ಕೈ ಗುಂಡಿಯ ಮೇಲೆ ಹೋಯಿತು. ಸ್ವಲ್ಪ ತಿರುಗಿಸಿದರೆ ಸಾಕು, ಒಡಕು ಮುಚ್ಚಿಹೋಗುತ್ತದೆ, ಆ ಖಾಲಿ ಜಾಗವೂ ತುಂಬುತ್ತದೆ. ಅವಮಾನ ತಪ್ಪುತ್ತದೆ. ತಲೆಯೆತ್ತಿದೆ. ಆಂಟಿ ಸ್ಟೇಜಿನಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ತಲೆ ಅಡ್ಡ ಆಡಿಸಿದರು. ನಾನು ಕೈ ತೆಗೆದು ಜೇಬಿನಲ್ಲಿ ಹಾಕಿಕೊಂಡೆ.

ಅದೇ ಸಾಲು ಇನ್ನೊಮ್ಮೆ. ಮತ್ತೆ ನಿಲ್ಲಿಸಿದರು. ಮತ್ತೆ ಏನೂ ಇಲ್ಲ. ಹಿಂದೆ ಯಾರೋ ತಟ್ಟೆ ಎಳೆಯುವ ಸದ್ದು.

ಮೂರನೇ ಸಾಲು. ಇಲ್ಲಿಂದ ಕೂಗ್ರೆ ನಿಂಗೆ ಕೇಣತ್ತಾ ಹೇಳ್ ಅಬ್ಬಿ.

"ಕೇಣತ್ತ್ ಹೆಣೆ, ಕೇಣತ್ತ್."

ಮುಂದಿನ ಸಾಲಿನಿಂದ. ಒಬ್ಬರು ಅಜ್ಜಿ, ಕಿವಿಗೆ ಉಲ್ಲನ್ ಟೊಪ್ಪಿ ಎಳೆದುಕೊಂಡವರು. ನಮ್ಮ ಕಡೆಯವರು. ಎದುರಿಗೆ ಕೂತ ಮಗಳಿಗೆ ಹೇಳುವ ಹಾಗೆ, ಹೆಣೆ, ಅಂದರೆ ಹೆಣ್ಣೇ, ಎಂದು ಹೇಳಿದರು. ಹಾಲಿನಲ್ಲಿ ಕೆಲವರು ನಕ್ಕರು. ಸೊಸೆ ಓಡಿ ಬಂದು, ಅತ್ತೆ, ಹಾಡುವಾಗ ಮಾತಾಡಬಾರದು ಎಂದು ಅವರ ಭುಜ ಹಿಡಿದಳು.

ಆಂಟಿ ಮೈಕಿನಲ್ಲೇ ಹೇಳಿದರು. "ಅವ್ರನ್ನ ಬಿಡಿ. ನಾನು ಅವ್ರ ಹತ್ರಾನೇ ಕೇಳಿದ್ದು."

ಬಾಗಿಲ ಹತ್ತಿರ ಹೋದವರು ತಿರುಗಿದರು. ಆಂಟಿ ಮೊದಲಿಂದ ಹಿಡಿದರು. ಈ ಸಲ ನಿಲ್ಲಿಸಿದಾಗ ಅಜ್ಜಿ ಹೌದ್ ಎಂದರು. ಪಕ್ಕದ ಅಜ್ಜಿ, ಅವರು ಧಾರವಾಡ ಕಡೆಯವರಿರಬೇಕು, "ಖರೆ ಐತವ್ವಾ," ಎಂದರು. ಗೆಜ್ಜೆಯ ಹುಡುಗಿಯೊಬ್ಬಳು ಇದೇನೋ ಆಟ ಎಂದುಕೊಂಡು ಯೆಸ್ ಎಂದು ಕೂಗಿದಳು. ಎಲ್ಲರೂ ಕೂತರು ಎಂದು ನಾನು ಸುಳ್ಳು ಹೇಳುವುದಿಲ್ಲ. ಊಟದ ಸಾಲು ಊಟದ ಸಾಲೇ. ಆದರೆ ಆ ಸಾಲಿನಿಂದಲೂ ಜವಾಬು ಬಂತು. ಬಡಿಸುವವನು ಸೌಟು ಹಿಡಿದುಕೊಂಡೇ ನಿಂತಿದ್ದ.

ಸ್ಟೇಜಿನಿಂದ ಇಳಿದು ಬಂದು ನನ್ನ ಸ್ಪೀಕರ್ ಡಬ್ಬದ ಮೇಲೆ ಕೂತರು. ಬಿಸಿನೀರು ಕುಡಿದರು. ಹಲ್ಲಿನಲ್ಲಿ ಟೇಪು ಕಿತ್ತರು. "ಆಯ್ತ್," ಎಂದರು. ಅಷ್ಟೇ.

ಆಪರೇಷನ್ ಆಯಿತು. ಆಮೇಲೆ ಬರೀ ಉಸಿರು ಬರುತ್ತಿತ್ತು, ಸ್ವರವಿಲ್ಲ. ಆದರೂ ಮನೆಯಲ್ಲಿ ಕೂರಲಿಲ್ಲ. ನನ್ನ ಜೊತೆ ಫಂಕ್ಷನ್ನುಗಳಿಗೆ ಬಂದು ಮಿಕ್ಸರಿನ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಎಕೋ ಜಾಸ್ತಿಯಾದರೆ ನನ್ನ ಬೆನ್ನಿಗೆ ಗುದ್ದುತ್ತಿದ್ದರು.

ಆ ಯುಗಾದಿಯ ಹಾಡನ್ನು ಮಿಕ್ಸರಿನಿಂದ ರೆಕಾರ್ಡ್ ಮಾಡಿಕೊಂಡಿದ್ದೆ. ಅವರಿಗೆ ಕೇಳಿಸಿದೆ. ಮಿಕ್ಸರಿಗೆ ಬರುವುದು ಅವರ ಮೈಕು ಮಾತ್ರ. ಹಾಗಾಗಿ ಅಜ್ಜಿಯ ಮಾತು ಅದರಲ್ಲಿ ಬಂದೇ ಇಲ್ಲ. ಸಾಲು, ಆಮೇಲೆ ಖಾಲಿ. ಸಾಲು, ಆಮೇಲೆ ಖಾಲಿ. ನನಗೆ ಬೇಜಾರಾಗಿತ್ತು. ಆ ಅಜ್ಜಿ ಊರಿಗೆ ಹೋಗಿಯಾಗಿತ್ತು. ಬೇರೆ ಯಾರಿಂದಲಾದರೂ ಹೇಳಿಸಿ ಸೇರಿಸಲಾ ಎಂದು ಕೇಳಿದೆ.

ಆಂಟಿ ಹೆಡ್‌ಫೋನು ತೆಗೆದು ನನ್ನ ಕಿವಿಯ ಹತ್ತಿರ ಬಾಯಿ ತಂದರು. "ಜಾಗ ಹಂಗೇ ಇರ್ಲಿ," ಎಂದರು ಉಸಿರಿನಲ್ಲಿ.

ಮರುವರ್ಷ ಸ್ನೋ ಕರಗುವ ಹೊತ್ತಿಗೆ ಹೋದರು. ಬಳೆಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದರು.

ಮಣ್ಣು ಮಾಡಿದ ಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಜನ ಸೇರಿದರು. ಒಂದು ಕಡೆ ಬಾರಿನ ಜನ, ಒಂದು ಕಡೆ ಚರ್ಚಿನ ಹೆಂಗಸರು, ಹಿಂದೆ ನಮ್ಮ ಕನ್ನಡದವರು. ಅಧ್ಯಕ್ಷರೂ ಬಂದಿದ್ದರು. ಡ್ರಮ್ಮಿನಜ್ಜ ಮಗಳ ಕೈ ಹಿಡಿದು ಬಂದು ಮುಂದೆ ಕೂತರು. ಒಬ್ಬರ ಹತ್ತಿರ ಒಬ್ಬರು ಮಾತಾಡುತ್ತಿರಲಿಲ್ಲ. ಪಾದ್ರಿಯವರು ಪ್ರಾರ್ಥನೆ ಮುಗಿಸಿ ನನ್ನ ಕಡೆ ನೋಡಿದರು. ನಾನು ರೆಕಾರ್ಡ್ ಹಾಕಿದೆ. ಎಕೋ ಇಲ್ಲದೆ.

ಹಿಮ್ಮಡಿಯ ಸದ್ದು. ಮೊದಲ ಸಾಲು. ಒಡೆದ ಸ್ವರ. ಆಮೇಲೆ ಖಾಲಿ. ಎಲ್ಲರೂ ತಲೆ ತಗ್ಗಿಸಿದ್ದರು. ಅದೇ ಸಾಲು ಎರಡನೇ ಸಲ. ಡ್ರಮ್ಮಿನಜ್ಜ ಬೆರಳಿನಿಂದ ಟೇಬಲು ತಟ್ಟಿದರು, ಅಷ್ಟೇ. ಅವರಿಗೆ ಮಾತು ತಿಳಿಯದು.

ಮೂರನೇ ಸಾಲು ಬಂತು. ಕೇಣತ್ತಾ ಎಂದು ಕೇಳಿ ಆಂಟಿ ನಿಲ್ಲಿಸಿದರು. ಸ್ಪೀಕರಿನಲ್ಲಿ ಅವರು ಕಾಯುವುದು ಕೇಳುತ್ತಿತ್ತು. ಉಸಿರು ಎಳೆದುಕೊಂಡದ್ದು ಕೂಡ.

ನನ್ನ ಎದುರು ಮೈಕು ಇರಲಿಲ್ಲ. ಎದ್ದು ನಿಂತೆ.

"ಕೇಣತ್ತ್ ಆಂಟಿ," ಎಂದೆ.